ರೊಕ್ಕದ ಮೇಲೊಂದು ಚಿತ್ರಪ್ರದರ್ಶನ: ಮಾಡುವ ವಿಧಾನ

ಬೇಕಾಗುವ ಸಾಮಗ್ರಿ: ಕ್ಯಾನ್ವಾಸು ಇಪ್ಪತ್ತು, ಬಣ್ಣ ಉದ್ರಿ ಸಿಕ್ಕಷ್ಟು, ಶಾಲು ಹನ್ನೊಂದು, ಹಾರ ಹನ್ನೊಂದು, ಮೈಕು ಒಂದು, ಎಂಟಡಿ ಹನ್ನೆರಡಡಿಯ ಫ್ಲೆಕ್ಸು ಒಂದು, ಕೆಂಪು ಟಿಕಳಿ ಒಂದು ಪಾಕೀಟು, ಕೈಗಡ ರುಚಿಗೆ ತಕ್ಕಷ್ಟು.

ಮೊದಲು ವಿಷಯ ಗಟ್ಟಿ ಮಾಡಿಕೊಳ್ಳಿ. ‘ತಂತ್ರಜ್ಞಾನ ಮತ್ತು ಹಣ’ ಎಂದಿರಲಿ. ವಿಜಯಪುರದಲ್ಲಿ ಹಣ ಎಂಬ ಮಾತು ಬ್ಯಾಂಕಿನ ಚೀಟಿಯಲ್ಲಿ ಮಾತ್ರ ಇದೆ, ಜನರ ಬಾಯಲ್ಲಿರುವುದು ರೊಕ್ಕ. ಆದ್ದರಿಂದಲೇ ಆಹ್ವಾನ ಪತ್ರಿಕೆಯಲ್ಲಿ ಎಲ್ಲಿಯೂ ರೊಕ್ಕ ಎಂದು ಬರೆಯಬೇಡಿ. ರೊಕ್ಕ ಎಂದರೆ ತಿಳಿದುಬಿಡುತ್ತದೆ, ತಿಳಿದರೆ ಒಳಗೆ ಬರುತ್ತಾರೆ, ಬಂದರೆ ಪ್ರಶ್ನೆ ಕೇಳುತ್ತಾರೆ. ‘ಅರ್ಥ–ಯಂತ್ರ–ಶೂನ್ಯ: ಒಂದು ದೃಶ್ಯ ಸಂಕಥನ’ ಎಂದು ಹೆಸರಿಡಿ. ಮುದ್ರಣದವನು ಶೂನ್ಯವನ್ನು ‘ಸೂನ್ಯ’ ಮಾಡಿ ಕೊಟ್ಟರೆ ತಿದ್ದಿಸಬೇಡಿ. ಕೇಳಿದವರಿಗೆ ಬೇಕೆಂದೇ ಮಾಡಿದ್ದು ಎನ್ನಿ.

ಇನ್ನು ಬಹಳ ಮುಖ್ಯವಾದ ಎಚ್ಚರಿಕೆ. ನಿಮಗೆ ಗೊತ್ತಿರುವುದನ್ನು ಚಿತ್ರಿಸಬೇಡಿ.

ನಿಮ್ಮ ಅಪ್ಪ ಬಬಲೇಶ್ವರದಲ್ಲಿ ಬೋರ್ಡು ಬರೆಯುತ್ತಿದ್ದರು ಎಂದಿಟ್ಟುಕೊಳ್ಳಿ. ಕಿರಾಣಿ ಅಂಗಡಿಯ ಹೆಸರು, ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ‘ತಾಯಿಯ ಆಶೀರ್ವಾದ’, ಜಾತ್ರೆಯ ನಾಟಕದ ಪರದೆ, ಚುನಾವಣೆ ಬಂದರೆ ಊರ ಗೋಡೆಗಳೆಲ್ಲ ಅವರವೇ. ಸ್ಕೇಲು ಇಡದೆ, ಬರೀ ಸುಣ್ಣದ ದಾರ ಹೊಡೆದು, ಆಳೆತ್ತರದ ಅಕ್ಷರ ಎಳೆಯುತ್ತಿದ್ದ ಕೈ. ಆಮೇಲೆ ಫ್ಲೆಕ್ಸ್ ಯಂತ್ರ ಬಂತು. ಅಪ್ಪ ಮೂರು ದಿನ ತೆಗೆದುಕೊಳ್ಳುತ್ತಿದ್ದ ಬೋರ್ಡನ್ನು ಅದು ಚಹಾ ಕುಡಿದು ಬರುವುದರೊಳಗೆ ಉಗುಳಿತು. ಅದರಲ್ಲಿ ಫೋಟೋ ಬೇರೆ ಬರುತ್ತಿತ್ತು. ಅಪ್ಪ ಬ್ರಷ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಡಬ್ಬಿಯಲ್ಲಿ ನಿಲ್ಲಿಸಿದರು. ಈಗ ಅವರಿಗೆ ಉಳಿದಿರುವ ಕೆಲಸವೆಂದರೆ ದ್ರಾಕ್ಷಿಯ ಕ್ರೇಟುಗಳ ಮೇಲೆ ರೈತರ ಹೆಸರು ಬರೆಯುವುದು. ಇದರಲ್ಲಿ ತಂತ್ರಜ್ಞಾನವೂ ಇದೆ, ಹಣವೂ ಇದೆ. ಆದರೆ ಇದು ಮನೆಯ ಮಾತು, ಚೌಕಟ್ಟು ಹಾಕಬಾರದು.

ತಿಕೋಟಾದ ಸೋದರಮಾವನನ್ನೂ ಬಿಟ್ಟುಬಿಡಿ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ನೀರು ತೋರಿಸುವವನು ಹೊಲವೆಲ್ಲ ನಡೆದದ್ದು, ಕಾಯಿ ಎದ್ದು ನಿಂತಲ್ಲಿ ಬೋರು ಕೊರೆಸಿದರೆ ಬರೀ ಧೂಳು ಬಂದದ್ದು, ಬರಗಾಲದಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿಯ ಬುಡಕ್ಕೆ ಹೊಯ್ದದ್ದು, ಕೊನೆಗೆ ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಏರಿ ಬಂದಾಗ ಜನ ಕಾಲುವೆ ನೋಡಲು ಹೋದದ್ದು, ಇವೆಲ್ಲ ಕ್ಯಾನ್ವಾಸಿಗೆ ಭಾರ. ಮಾವನ ಶೆಡ್ಡು ಇನ್ನೂ ಅಪಾಯ. ಪೊಟ್ಯಾಸಿಯಂ ಕಾರ್ಬೋನೇಟು ಮತ್ತು ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಲ್ಲಿ ಗೊನೆಗಳನ್ನು ಅದ್ದಿ, ಶೆಡ್ಡಿನ ಬಲೆಗಳ ಮೇಲೆ ಅಂತಸ್ತು ಅಂತಸ್ತಾಗಿ ಹರಡಿ, ಎರಡು ವಾರ ಕಾಯುತ್ತಾರೆ. ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿ ಒಂದು ಕಿಲೋ ಮನೂಕ ಆಗುತ್ತದೆ. ಆ ಒಂದು ಕಿಲೋದ ಧಾರಣೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು. ಮಾವ ಸಾಂಗ್ಲಿ, ತಾಸಗಾಂವದ ಪೇಟೆಯ ಧಾರಣೆಯನ್ನು ಮೊಬೈಲಿನಲ್ಲಿ ನೋಡುತ್ತ ಶೆಡ್ಡಿನ ನೆರಳಿನಲ್ಲಿ ನಿಂತಿರುತ್ತಾರೆ, ಹಸಿರು ಬಲೆಯ ಬೆಳಕು ಅರ್ಧ ಮುಖದ ಮೇಲೆ, ಪರದೆಯ ಬೆಳಕು ಉಳಿದರ್ಧದ ಮೇಲೆ. ಕೈ ತುರಿಸಿದರೂ ತಡೆದುಕೊಳ್ಳಿ.

ಊರಿನ ಇತಿಹಾಸದ ಕಡೆಗೂ ಕಣ್ಣು ಹಾಯಿಸಬೇಡಿ. ಎರಡನೆಯ ಅಲಿ ಆದಿಲ್‌ಶಾಹನ ಹೆಸರಿನಲ್ಲಿ ಲಾರಿ ಎಂಬ ಬೆಳ್ಳಿ ನಾಣ್ಯ ಹೊರಡುತ್ತಿತ್ತು. ಅಥಣಿ ರಸ್ತೆಯ ಲಾರಿಯಲ್ಲ. ಪರ್ಷಿಯಾದ ಲಾರ್ ಎಂಬ ಊರಿನಿಂದ ಹೆಸರು ಪಡೆದು, ಕಡಲ ವ್ಯಾಪಾರದ ಜೊತೆ ಬಂದದ್ದು. ಬೆಳ್ಳಿಯ ತಂತಿಯನ್ನು ನಡುವೆ ಮಡಚಿ ಮೇಲೆ ಅಚ್ಚು ಒತ್ತಿದರೆ ಆಯಿತು, ತೂಕ ಐದು ಗ್ರಾಮಿಗೆ ಚೂರು ಕಡಿಮೆ, ನೋಡಲು ಹೆಂಗಸರು ತಲೆಗೆ ಸಿಕ್ಕಿಸುವ ಪಿನ್ನು. ಬರೀ ತಂತಿ ಮಡಚಿ ರೊಕ್ಕ ಮಾಡಿದ ಅರಸರ ಊರು ಇದು. ಚಿತ್ರಕಾರರಿಗೂ ಆಗ ಇಲ್ಲಿ ಮರ್ಯಾದೆ ಇತ್ತು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನಕ್ಕೆ ಹಾಲೆಂಡಿನ ಹಾರ್ಲೆಮ್‌ನಿಂದ ಕಾರ್ನೆಲಿಸ್ ಹೆಡಾ ಎಂಬವನು ಬಂದು ನೆಲೆಸಿದ್ದ, ಫರೂಖ್ ಬೇಗ್ ಇಲ್ಲಿಯೇ ಕೂತು ಅರಸನ ಚಿತ್ರ ಬರೆದಿದ್ದ. ಆ ಕಾಲದ ಒಳ್ಳೊಳ್ಳೆಯ ಚಿತ್ರಗಳು ಈಗ ಲಂಡನ್, ಡಬ್ಲಿನ್, ಪ್ರಾಗ್, ನ್ಯೂಯಾರ್ಕ್‌ಗಳಲ್ಲಿವೆ. ನೋಡಬೇಕೆಂದರೆ ವೀಸಾ ಬೇಕು. ಇದನ್ನೆಲ್ಲ ಉದ್ಘಾಟನೆಯ ಭಾಷಣಕ್ಕೆ ಇಟ್ಟುಕೊಳ್ಳಿ, ಚಿತ್ರಕ್ಕೆ ತರಬೇಡಿ.

ಹಾಗಾದರೆ ಏನು ಬರೆಯಬೇಕು? ಎಲ್ಲರೂ ಬರೆದದ್ದನ್ನು. ಬುದ್ಧನ ಕೈಗೆ ಮೊಬೈಲು ಕೊಡಿ. ನೋಟಿನೊಳಗಿನ ಗಾಂಧೀಜಿಯ ಕಣ್ಣಿಂದ ನೀರು ಇಳಿಸಿ. ಮರದ ಬೇರಿನ ಜಾಗದಲ್ಲಿ ತಂತಿ, ಹಣ್ಣಿನ ಜಾಗದಲ್ಲಿ ನಾಣ್ಯ, ಹಕ್ಕಿಯ ಜಾಗದಲ್ಲಿ ಡ್ರೋನ್ ಇಡಿ. ಹೊಟ್ಟೆಯೊಳಗಿನ ಕೂಸಿಗೂ ಒಂದು ಚಾರ್ಜರು ಸಿಕ್ಕಿಸಿ. ತಂತ್ರಜ್ಞಾನಕ್ಕೆ ನೀಲಿ ಬಣ್ಣ ಹಚ್ಚಿ. ಹಣಕ್ಕೆ ಹಸಿರು ಹಚ್ಚಿ. ನಮ್ಮ 500ರ ನೋಟು ಕಲ್ಲಿನ ಬೂದುಬಣ್ಣದ್ದು, 200ರದು ಹಳದಿ, ಹಂಪಿಯ ಕಲ್ಲಿನ ರಥವಿರುವ 50ರ ನೋಟು ನೀಲಿ. ಅದು ನಿಮಗೆ ಸಂಬಂಧಿಸಿದ್ದಲ್ಲ. ಅಮೆರಿಕದ ಡಾಲರು ಹಸಿರು, ಕಲೆಯಲ್ಲಿ ಅದೇ ಲೆಕ್ಕ. ಆ 50ರ ನೋಟಿನ ಬಗ್ಗೆ ಹೊಟ್ಟೆಕಿಚ್ಚೂ ಪಡಬೇಡಿ. ಅದರ ಚಿತ್ರ ಬರೆದವನ ಹೆಸರು ಯಾರಿಗೂ ಗೊತ್ತಿಲ್ಲ, ಸಹಿ ಮಾತ್ರ ರಿಸರ್ವ್ ಬ್ಯಾಂಕಿನ ಗವರ್ನರದು. ಆದರೂ ಜನ ಒಪ್ಪಿಕೊಂಡು ಜೇಬಿನಲ್ಲಿಟ್ಟುಕೊಳ್ಳುವ ಚಿತ್ರ ಅದೊಂದೇ.

ನೋಟನ್ನೇ ಹೋಲುವಂತೆ ಬರೆದರೆ ಭಾರತೀಯ ನ್ಯಾಯ ಸಂಹಿತೆಯ 182ನೆಯ ಕಲಮಿನಲ್ಲಿ 300 ರೂಪಾಯಿವರೆಗೆ ದಂಡವಿದೆ. ಚಿಂತಿಸಬೇಡಿ. ಅಷ್ಟು ಹೋಲುವಂತೆ ಬರೆಯಲು ಕೈ ಪಳಗಿರಬೇಕು.

ಕೈ ಪಳಗದಿದ್ದರೆ ಎಐ ಇದೆ. ‘ಹಣ, ಯಂತ್ರ, ದುಃಖ’ ಎಂದು ಮೂರು ಮಾತು ಹೇಳಿ ಚಿತ್ರ ತೆಗೆಸಿ, ಅದನ್ನು ಪ್ರೊಜೆಕ್ಟರಿನಿಂದ ಕ್ಯಾನ್ವಾಸಿಗೆ ಹಾಯಿಸಿ, ಗೆರೆ ಎಳೆದುಕೊಳ್ಳಿ. ಕೈಗೆ ಆರು ಬೆರಳು ಬಂದರೆ ಅಳಿಸಬೇಡಿ, ಅದರ ಮೇಲೆ ಒಂದು ಪುಟ ವಿವರಣೆ ಬರೆಯಬಹುದು. ವಿವರಣೆ ಬರೆಯುವಾಗ ಅಸ್ಮಿತೆ, ವಿರೂಪ, ಜಾಗತೀಕರಣ, ಏಕಾಂತ ಎಂಬ ನಾಲ್ಕು ಪದಗಳನ್ನು ಇಸ್ಪೀಟಿನಂತೆ ಕಲಸಿ ಹಾಕಿ. ಯಾವ ಚಿತ್ರದ ಕೆಳಗೆ ಯಾವ ಚೀಟಿ ಅಂಟಿಸಿದರೂ ನಡೆಯುವಂತಿದ್ದರೆ ಬರವಣಿಗೆ ಹದಕ್ಕೆ ಬಂದಿದೆ ಎಂದು ತಿಳಿಯಿರಿ.

ತಾರೀಖು ಆರಿಸುವುದು ಸೂಕ್ಷ್ಮ ಕೆಲಸ. ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಇರುತ್ತದೆ, ಸುತ್ತಿನ ಹಳ್ಳಿಯ ಜನವೆಲ್ಲ ಪೇಟೆಯಲ್ಲಿರುತ್ತಾರೆ, ಕೈಯಲ್ಲಿ ರೊಕ್ಕವೂ ಇರುತ್ತದೆ. ಅದು ಬೇಡ. ಮಾರ್ಚ್ 29, 30, 31 ಇಟ್ಟುಕೊಳ್ಳಿ. ಬ್ಯಾಂಕಿನವರು ವರ್ಷದ ಲೆಕ್ಕ ಮುಗಿಸುತ್ತಿರುತ್ತಾರೆ, ಕಚೇರಿಯವರು ಬಿಲ್ಲು ಪಾಸು ಮಾಡಿಸಿಕೊಳ್ಳುತ್ತಿರುತ್ತಾರೆ, ವ್ಯಾಪಾರಿಗಳು ಲೆಕ್ಕಪತ್ರದವರ ಮನೆಯಲ್ಲಿ ಕೂತಿರುತ್ತಾರೆ, ದ್ರಾಕ್ಷಿಯವರು ಶೆಡ್ಡು ಬಿಟ್ಟು ಕದಲುವುದಿಲ್ಲ. ಹಣ ಮುಟ್ಟುವ ಯಾವ ಕೈಯೂ ಖಾಲಿ ಇರದ ಮೂರು ದಿನ ಅವು. ಸಭಾಂಗಣವೂ ಸೋವಿಯಲ್ಲಿ ಸಿಗುತ್ತದೆ, ಆ ಬಿಸಿಲಿಗೆ ಬೇರೆ ಯಾರೂ ಕೇಳಿರುವುದಿಲ್ಲ.

ಈಗ ಫ್ಲೆಕ್ಸು. ಇದಕ್ಕೆ ಮಾತ್ರ ಜಿಪುಣತನ ಮಾಡಬೇಡಿ. ದಪ್ಪನೆಯದೇ ಇರಲಿ, ನಾಲ್ಕೂ ಅಂಚಿಗೆ ಸಾಲಾಗಿ ಐಲೆಟ್ ಹೊಡೆಸಿ. ಅದರಲ್ಲಿ ನಿಮ್ಮ ಚಿತ್ರಗಳನ್ನು ಹಾಕಬೇಡಿ, ಜಾಗ ಸಾಲುವುದಿಲ್ಲ. ಮೇಲೆ ಸ್ವಾಮಿಗಳು, ಬಲಕ್ಕೆ ನಾಯಕರು, ಎಡಕ್ಕೆ ನಾಯಕರ ಮಗ, ಕೆಳಗೆ ಅಂಚೆ ಚೀಟಿಯ ಗಾತ್ರದಲ್ಲಿ ಶುಭ ಕೋರುವವರು ಇಪ್ಪತ್ತನಾಲ್ಕು ಮಂದಿ, ನಡುವೆ ಕೈಕಟ್ಟಿಕೊಂಡು ನೀವು. ಇಪ್ಪತ್ತು ಕ್ಯಾನ್ವಾಸುಗಳಲ್ಲಿ ಯಂತ್ರದ ವಿರುದ್ಧ ಹೋರಾಡಿದವರು ಈ ಒಂದನ್ನು ಯಂತ್ರದಿಂದಲೇ ಮಾಡಿಸಬೇಕು. ಅಪ್ಪ ‘ನಾ ಬಟ್ಟಿ ಮ್ಯಾಲ ಬರದ ಕೊಡ್ಲೇನು?’ ಎಂದು ಕೇಳುತ್ತಾರೆ. ‘ಟೈಮ್ ಇಲ್ಲಪ್ಪಾ’ ಎನ್ನಿ.

ಬಬಲೇಶ್ವರದಿಂದ ಚಿತ್ರಗಳನ್ನು ಟಂಟಂನಲ್ಲಿ ತನ್ನಿ. ಚಾಲಕ ದಾರಿಯಲ್ಲಿ ಇನ್ನೂ ನಾಲ್ವರನ್ನು ಹತ್ತಿಸಿಕೊಳ್ಳುತ್ತಾನೆ. ಒಬ್ಬ ಅಜ್ಜ ಬುದ್ಧನ ಮೇಲೆ ಕೂತರೆ ಏಳಿಸಬೇಡಿ, ಕುಂತ ಗುರುತು ಅಮೂರ್ತ ಶೈಲಿಯಲ್ಲಿ ಹೊಂದಿಕೊಳ್ಳುತ್ತದೆ.

ಉದ್ಘಾಟನೆಗೆ ವೇದಿಕೆಯ ಮೇಲೆ ಹನ್ನೊಂದು ಜನ ಇರಬೇಕು, ಕೆಳಗೆ ಒಂಬತ್ತು. ಕೆಳಗಿನವರಲ್ಲಿ ಐವರು ಮೇಲಿನವರ ಗಾಡಿ ಚಾಲಕರು. ಹನ್ನೊಂದೂ ಭಾಷಣಗಳನ್ನು ಚಿತ್ರಗಳಿಗೆ ಬೆನ್ನು ಮಾಡಿ ಆಡಿಸಿ. ಮುಖ್ಯ ಅತಿಥಿಗಳು ‘ಕಲೆಗೆ ಬೆಲೆ ಕಟ್ಟಲಾಗದು’ ಎನ್ನುತ್ತಾರೆ. ಚಪ್ಪಾಳೆ ತಟ್ಟಿ. ಅವರು ಆ ಮಾತನ್ನು ಬಹಳ ನಿಷ್ಠೆಯಿಂದ ಪಾಲಿಸುವವರು, ಹೋಗುವಾಗ ಯಾವ ಚಿತ್ರಕ್ಕೂ ಬೆಲೆ ಕೇಳುವುದಿಲ್ಲ. ಮರುದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಹನ್ನೊಂದು ಜನರ ಹೆಸರೂ ತಪ್ಪಿಲ್ಲದೆ ಇರುತ್ತದೆ, ಕೊನೆಗೆ ‘ಮತ್ತಿತರರು ಇದ್ದರು’ ಎಂದಿರುತ್ತದೆ. ಮತ್ತಿತರರು ಎಂದರೆ ನೀವು. ಕತ್ತರಿಸಿ ಇಟ್ಟುಕೊಳ್ಳಿ.

ಬೆಲೆ ಹಚ್ಚುವ ಬಗೆ. ಕ್ಯಾನ್ವಾಸು, ಬಣ್ಣ, ಚೌಕಟ್ಟು, ಟಂಟಂ, ಸಭಾಂಗಣ, ಶಾಲು, ಹಾರ, ಉಪ್ಪಿಟ್ಟು ಎಲ್ಲ ಕೂಡಿಸಿ ಇಪ್ಪತ್ತರಿಂದ ಭಾಗಿಸಿದರೆ ಒಂದು ಅಂಕಿ ಬರುತ್ತದೆ. ಅದನ್ನು ಹರಿದು ಹಾಕಿ. ನ್ಯೂಯಾರ್ಕಿನಿಂದ ಶುರು ಮಾಡಿ. ಆ್ಯಂಡಿ ವಾರ್ಹಾಲ್ 1962ರಲ್ಲಿ ಇನ್ನೂರು ಡಾಲರ್ ನೋಟುಗಳನ್ನು ಸಾಲಾಗಿ ಅಚ್ಚು ಹಾಕಿದ ಚಿತ್ರ 2009ರ ಹರಾಜಿನಲ್ಲಿ 4 ಕೋಟಿ 38 ಲಕ್ಷ ಡಾಲರಿಗೆ ಹೋಯಿತು. ಬೀಪಲ್ ಎಂಬವನ ಬರೀ ಕಂಪ್ಯೂಟರ್ ಕಡತ 2021ರಲ್ಲಿ 6 ಕೋಟಿ 93 ಲಕ್ಷಕ್ಕೆ. ಗೋಡೆಗೆ ಟೇಪಿನಿಂದ ಅಂಟಿಸಿದ ಬಾಳೆಹಣ್ಣು 2024ರಲ್ಲಿ 62 ಲಕ್ಷ ಡಾಲರಿಗೆ, ಕೊಂಡವನು ಅದನ್ನು ತಿಂದೂ ಬಿಟ್ಟ. ಇದನ್ನೆಲ್ಲ ಬಂದವರಿಗೆ ಹೇಳಿ. ಮಾವ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಾಳಿಹಣ್ಣು ಅಷ್ಟಕ್ಕ ಹೋದ್ರ, ಅಳಿಯಾ, ನಮ್ಮ ದ್ರಾಕ್ಷಿ ಗೊನಿಗೆ ಯಾವ ಟೇಪ್ ಬೇಕಾಗತೈತಿ?’ ಎನ್ನುತ್ತಾರೆ. ನಕ್ಕು ಬಿಡಬೇಡಿ, ಅವರು ನಿಜವಾಗಿಯೂ ಕೇಳುತ್ತಿದ್ದಾರೆ.

ಬೆಲೆಯ ವಿಷಯದಲ್ಲಿ ಊರಿನದೇ ಉದಾಹರಣೆ ಬೇಕೆಂದರೆ ಮಲಿಕ್-ಎ-ಮೈದಾನ್ ತೋಪಿದೆ. 1549ರಲ್ಲಿ ಎರಕ ಹೊಯ್ದದ್ದು, 55 ಟನ್ ತೂಕ, ಆ ಕಾಲಕ್ಕೆ ಅದಕ್ಕಿಂತ ದೊಡ್ಡ ತಂತ್ರಜ್ಞಾನ ಇನ್ನೇನಿತ್ತು? 1854ರಲ್ಲಿ ಬ್ರಿಟಿಷರು ಹರಾಜಿಗಿಟ್ಟಾಗ ಬಂದ ಸವಾಲು 150 ರೂಪಾಯಿ. ಇಷ್ಟಕ್ಕೆ ಹೇಗೆ ಕೊಡುವುದೆಂದು ಮಾರಾಟ ಕೈಬಿಟ್ಟರು. ಅದಕ್ಕೇ ತೋಪು ಇವತ್ತಿಗೂ ಬುರುಜಿನ ಮೇಲೆ ಕೂತಿದೆ. ನಿಮ್ಮ ಹಿಂದಿನ ಪ್ರದರ್ಶನದ ಚಿತ್ರಗಳು ಅಟ್ಟದ ಮೇಲೆ ಕೂತಿರುವುದೂ ಇದೇ ಕಾರಣಕ್ಕೆ ಎಂದು ಮನೆಯವರಿಗೆ ವಿವರಿಸಿ.

ಇನ್ನು ಟಿಕಳಿ. ದೊಡ್ಡ ಊರುಗಳ ಗ್ಯಾಲರಿಗಳಲ್ಲಿ ಮಾರಾಟವಾದ ಚಿತ್ರದ ಪಕ್ಕದಲ್ಲಿ ಕೆಂಪು ಚುಕ್ಕೆ ಅಂಟಿಸುತ್ತಾರೆ. ಶಾಸ್ತ್ರಿ ಮಾರ್ಕೆಟ್ಟಿನಿಂದ ತಂದ ಟಿಕಳಿಯನ್ನು ಮೊದಲ ದಿನವೇ, ಬಾಗಿಲು ತೆರೆಯುವ ಮುಂಚೆ, ಏಳು ಚಿತ್ರಗಳಿಗೆ ಹಚ್ಚಿಬಿಡಿ. ಉಳಿದವುಗಳ ಮೇಲೆ ಜನ ಮುಗಿಬೀಳುತ್ತಾರೆ ಎಂಬುದು ಶಾಸ್ತ್ರ. ಹಚ್ಚುವಾಗ ನಿಮ್ಮ ಅತ್ತೆ ಎದುರಾಗದಂತೆ ನೋಡಿಕೊಳ್ಳಿ. ‘ಏಳಕ್ಕಷ್ಟ ಯಾಕ ಹಚ್ಚೀರಿ? ಉಳಿದವು ಏನ್ ಪಾಪ ಮಾಡ್ಯಾವು?’ ಎಂದು ಇಪ್ಪತ್ತಕ್ಕೂ ಹಚ್ಚಿ ಹೋಗುತ್ತಾರೆ. ಎಲ್ಲ ಮಾರಾಟವಾದ ಪ್ರದರ್ಶನದಲ್ಲಿ ಯಾರೂ ಏನನ್ನೂ ಕೊಳ್ಳಲಾರರು. ಆದರೆ ಮುಖಕ್ಕೆ ಕಳೆ ಬರುತ್ತದೆ.

ಎರಡನೆಯ ದಿನ ಕುರ್ಚಿ ಹಾಕಿಕೊಂಡು ಕುಳಿತುಕೊಳ್ಳಿ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಸಲ ಕೂಗಿದರೆ ಏಳು ಸಲ ಕೇಳುತ್ತದೆ. ಇಲ್ಲಿ ಏಳು ಸಲ ಬೆಲೆ ಹೇಳಿದರೂ ಒಂದು ಸಲ ಕೇಳುವುದಿಲ್ಲ. ಕೇಳುವ ಸದ್ದು ಒಂದೇ, ಬಾಗಿಲ ಹೊರಗಿನ ಚಹಾದ ಗಾಡಿಯ ಡಬ್ಬಿ ‘ಹತ್ತು ರೂಪಾಯಿ ಸ್ವೀಕರಿಸಲಾಗಿದೆ’ ಎನ್ನುವುದು. ಲೆಕ್ಕ ಹಾಕಬೇಡಿ. ಹಾಕಿದರೆ ನಿಮ್ಮ ಪ್ರದರ್ಶನದಿಂದ ಚಹಾದವನಿಗೆ ಎಷ್ಟು ಆಯಿತೆಂದು ತಿಳಿದುಬಿಡುತ್ತದೆ.

ಶಾಲೆಯ ಹುಡುಗರು ಬರುತ್ತಾರೆ, ಮಾಸ್ತರರು ಸಾಲು ಮಾಡಿ ಕರೆತಂದಿರುತ್ತಾರೆ. ನಿಮ್ಮ ಹದಿಮೂರನೆಯ ಚಿತ್ರದಲ್ಲಿ ಗೋಡೆಯಷ್ಟು ದೊಡ್ಡ ಕ್ಯೂಆರ್ ಕೋಡ್ ಇದೆಯಲ್ಲ, ಎರಡು ತಿಂಗಳು ಚೌಕ ಚೌಕ ತುಂಬಿದ್ದು, ಅದರ ಮುಂದೆ ಒಬ್ಬ ಹುಡುಗ ಮಾಸ್ತರರ ಮೊಬೈಲ್ ಹಿಡಿದು ಬಹಳ ಹೊತ್ತು ನಿಲ್ಲುತ್ತಾನೆ. ಹಿಂದಕ್ಕೆ ಸರಿದು ನೋಡುತ್ತಾನೆ, ಮುಂದೆ ಬಂದು ನೋಡುತ್ತಾನೆ, ತಲೆ ಓರೆ ಮಾಡುತ್ತಾನೆ. ನಿಮ್ಮ ಎದೆ ಉಬ್ಬುತ್ತದೆ. ಆಗ ಅವನು, ‘ಸರ, ಇದು ಸ್ಕ್ಯಾನ್ ಆಗವಲ್ದರಿ’ ಎನ್ನುತ್ತಾನೆ. ಆಗಬಾರದೆಂದೇ ಬರೆದದ್ದು ಎಂದು ಗದರಿಸಿ.

ಸಂಜೆ ಹೊತ್ತಿಗೆ ಒಬ್ಬರು ನಿಜವಾಗಿಯೂ ಕೊಳ್ಳುವವರು ಬರುತ್ತಾರೆ. ಇವರ ಬಗ್ಗೆ ಜಾಗ್ರತೆ. ಎಲ್ಲ ಚಿತ್ರ ನೋಡಿ, ಚಪ್ಪಲಿ ಹೊರಗೆ ಬಿಟ್ಟು ಬಂದವರು, ಕೈ ಮುಗಿದು ಕೇಳುತ್ತಾರೆ: ‘ಸಿದ್ಧೇಶ್ವರ ಅಪ್ಪಾವರದೊಂದು ಚಿತ್ರ ಬರದ ಕೊಡ್ತೀರೇನ್ರಿ? ಮನ್ಯಾಗ ಫೋಟೋ ಐತ್ರಿ, ಆದ್ರ ಕೈಲೆ ಬರದದ್ದು ಬೇಕಾಗೇತ್ರಿ. ಎಷ್ಟಾದ್ರೂ ಆಗ್ಲಿ, ಮುಂಗಡ ಈಗ ಕೊಡ್ತೀನಿ.’ ಜ್ಞಾನಯೋಗಾಶ್ರಮದ ಆ ಸ್ವಾಮೀಜಿಯ ಅಂಗಿಗೆ ಜೇಬು ಇರಲಿಲ್ಲ. ರೊಕ್ಕ ಮುಟ್ಟಲಿಲ್ಲ, 2018ರಲ್ಲಿ ಬಂದ ಪದ್ಮಶ್ರೀಯನ್ನೂ ಬೇಡವೆಂದರು, 2023ರ ಜನವರಿ 2ರಂದು ತೀರಿಕೊಂಡಾಗ ಊರು ತುಂಬಿ ಹೊರಗೂ ಜನ. ಬಿಳಿ ಅಂಗಿ, ಎಡ ಎದೆಯ ಮೇಲೆ ಜೇಬಿರಬೇಕಾದ ಜಾಗದಲ್ಲಿ ಬರೀ ಬಟ್ಟೆ, ಅದನ್ನು ಬಿಳಿಯಲ್ಲೇ ಹೇಗೆ ತೋರಿಸುವುದು ಎಂದು ನಿಮ್ಮ ಕೈ ತಾನಾಗಿಯೇ ಯೋಚಿಸಲು ಶುರು ಮಾಡುತ್ತದೆ. ನಿಲ್ಲಿಸಿ. ‘ನನ್ನ ವಸ್ತು ಹಣ ರೀ, ಇಂಥವು ಮಾಡೂದಿಲ್ಲ’ ಎಂದು ಹೇಳಿ ಕಳಿಸಿ. ಅವರು ಹೊರಗೆ ಹೋಗಿ ಚಹಾ ಕುಡಿಯುತ್ತಾರೆ. ಡಬ್ಬಿ ಕೂಗುತ್ತದೆ.

ಅಭಿಪ್ರಾಯ ಪುಸ್ತಕವನ್ನು ಓದುವುದು ಬೇಡ. ಅದರಲ್ಲಿ ‘ಸೂಪರ್’ ಹದಿನಾರು, ಒಂದು ಹೃದಯದ ಗುರುತು, ಒಂದು ಮೊಬೈಲ್ ನಂಬರು, ಬೋರ್‌ವೆಲ್ ರಿಪೇರಿಯವನದು.

ಮೂರನೆಯ ದಿನ ನಾಲ್ಕು ಗಂಟೆಗೆ ಪಡುವಣದಲ್ಲಿ ಮೋಡ ಕಟ್ಟುತ್ತದೆ. ಮಾರ್ಚಿನ ಮಳೆ ಬಹಳ ಬರುವುದಿಲ್ಲ, ಆದರೆ ಬರುವುದು ಶೆಡ್ಡಿನಲ್ಲಿ ದ್ರಾಕ್ಷಿ ಹರಡಿದಾಗಲೇ. ಮಾವನ ಫೋನು ಬರುತ್ತದೆ. ಮೊದಲ ಬಾರಿಗೆ ನಿಮ್ಮ ಪ್ರದರ್ಶನದ ಬಗ್ಗೆ ಅವರಿಗೆ ಆಸಕ್ತಿ.

‘ಅಳಿಯಾ, ನಿನ್ನ ಮಾರಿ ಇರೂದು ದೊಡ್ಡ ಪಡದಾ ಐತೆಲ್ಲ, ಅದು ನೀರು ಹಿಡಿತೈತೇನು?’

‘ಹಿಡಿತೈತಿ, ಮಾವಾ.’

‘ಮತ್ಯಾಕ ತಡಾ? ಲಗೂನ ತಗೊಂಡ ಬಾ. ನಿಮ್ಮಪ್ಪನೂ ಬರ್ಲಿ, ಹಗ್ಗಾ ಬಿಗಿಯಾಕ ಅವರ ಕೈ ಬೇಕು.’

ಸಮಾರೋಪ ಸಮಾರಂಭವನ್ನು ಕೈಬಿಡಿ, ಹೇಗೂ ಶಾಲು ಮುಗಿದಿವೆ. ಫ್ಲೆಕ್ಸು ಬಿಚ್ಚಿ ಸುತ್ತಿ ಟಂಟಂನಲ್ಲಿ ಹಾಕಿ, ಚಿತ್ರಗಳನ್ನೂ ಹೇರಿ, ಅಥಣಿ ರಸ್ತೆ ಹಿಡಿಯಿರಿ. ತಿಕೋಟಾ ಮುಟ್ಟುವ ಹೊತ್ತಿಗೆ ಗಾಳಿ ಎದ್ದಿರುತ್ತದೆ. ಇರಚಲು ಹೊಡೆಯುವುದು ಪಡುವಣದ ಬದಿಯಿಂದ, ಅಲ್ಲಿಗೇ ಕಟ್ಟಿ. ಐಲೆಟ್‌ಗಳಲ್ಲಿ ಹಗ್ಗ ಪೋಣಿಸುವುದನ್ನು ಅಪ್ಪನಿಗೆ ಬಿಡಿ, ಅವರು ನಾಟಕದ ಪರದೆ ಕಟ್ಟಿದವರು. ಮುದ್ರಣದ ಮೈ ಹೊರಗಿರಲಿ, ಬಣ್ಣ ದ್ರಾಕ್ಷಿಗೆ ತಾಗಬಾರದು. ಸ್ವಾಮಿಗಳು, ನಾಯಕರು, ನಾಯಕರ ಮಗ, ಇಪ್ಪತ್ತನಾಲ್ಕು ಜನ ಶುಭ ಕೋರುವವರು ಮತ್ತು ನೀವು ಮಳೆಗೆ ಮುಖ ಕೊಟ್ಟು ನಿಲ್ಲಿ. ಕೆಳ ಅಂಚು ಹಾರದಂತೆ ಕಲ್ಲು ಹೇರಬೇಕು. ಕಲ್ಲು ಸಾಲದಿದ್ದರೆ ಟಂಟಂನಲ್ಲಿ ಇಪ್ಪತ್ತು ಚೌಕಟ್ಟುಗಳಿವೆ, ಒಂದರ ಮೇಲೊಂದು ಇಡಿ. ಬುದ್ಧನನ್ನು ಎಲ್ಲಕ್ಕಿಂತ ಕೆಳಗೆ, ಅದು ಮೊದಲೇ ಕುಂತು ಹದವಾಗಿದೆ.